ಶಕವರ್ಷದ ಹಿಂದಿನ ಹುಲ್ಲುಗಾವಲು

ಯುಗಾದಿಗೆ ಮನೆಗೆ ಬರುವ ಹೊಸ ಪಂಚಾಂಗದ ಮೊದಲ ಪುಟದಲ್ಲಿ ‘ಶಾಲಿವಾಹನ ಶಕೆ’ ಎಂಬ ಮಾತು ಇದ್ದೇ ಇರುತ್ತದೆ. ಪುರೋಹಿತರು ಸಂಕಲ್ಪ ಹೇಳುವಾಗ ಅದು ಬರುತ್ತದೆ, ಲಗ್ನಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟಕ್ಕೆ ಕೋಟೆ ಕಟ್ಟಿಸಿ ಬಂಡೆಯ ಮೇಲೆ ಶಾಸನ ಕೆತ್ತಿಸಿದಾಗ ಹಾಕಿಸಿದ ವರ್ಷ ಶಕ 465, ಅಂದರೆ ಕ್ರಿ.ಶ. 543. ಅಲ್ಲಿಂದ ವಿಜಯನಗರದವರೆಗೆ ನಮ್ಮ ನಾಡಿನ ಸಾವಿರಾರು ಶಾಸನಗಳು ಇದೇ ಲೆಕ್ಕದಲ್ಲಿ ಕಾಲ ಹೇಳುತ್ತವೆ. 1957ರ ಮಾರ್ಚ್ 22ರಿಂದ ಭಾರತದ ರಾಷ್ಟ್ರೀಯ ಪಂಚಾಂಗವೂ ಶಕವರ್ಷವನ್ನೇ ಹಿಡಿದಿದೆ. ಇಷ್ಟು ಬಳಸುವ ನಾವು ಶಕರು ಯಾರು ಎಂದು ಕೇಳುವುದು ಕಡಿಮೆ. ಅವರು ಮಧ್ಯ ಏಷ್ಯಾದ ಹುಲ್ಲುಬಯಲಿನಲ್ಲಿ ಕುದುರೆ, ಕುರಿಗಳನ್ನು ನಂಬಿ ಬದುಕಿದ್ದ ಜನ.

ಅವರು ಅಲ್ಲಿಂದ ಕದಲಿದ್ದಕ್ಕೆ ಕಾರಣ ಬಾದಾಮಿಯಿಂದ ಬಹುದೂರ, ಇಂದಿನ ಚೀನಾದ ಗಾನ್ಸು ಸೀಮೆಯಲ್ಲಿ ನಡೆದ ಮೇವಿನ ನೆಲದ ಜಗಳ. ಕ್ರಿ.ಪೂ. 2ನೆಯ ಶತಮಾನದ ಮೊದಲರ್ಧದಲ್ಲಿ ಶಿಯೋಂಗ್ನು ಎಂಬ ಕುದುರೆಸವಾರರ ಕೂಟ ಯುವೆಝಿ ಜನರನ್ನು ಸೋಲಿಸಿ ಪಶ್ಚಿಮಕ್ಕೆ ಅಟ್ಟಿತು. ಯುವೆಝಿಗಳು ಇಲಿ ನದಿಯ ಬಯಲಿಗೆ ಹೋಗಿ ಅಲ್ಲಿದ್ದ ಶಕರನ್ನು ಎಬ್ಬಿಸಿದರು. ಶಕರು ದಕ್ಷಿಣಕ್ಕೆ ಸರಿದು ಸೀಸ್ತಾನಕ್ಕೆ, ಅಲ್ಲಿಂದ ಸಿಂಧೂ ಬಯಲಿಗೆ, ಕೊನೆಗೆ ಸೌರಾಷ್ಟ್ರ, ಮಾಳವಗಳಿಗೆ ಇಳಿದರು. ‘ಸೀಸ್ತಾನ’ ಎಂಬ ಹೆಸರೇ ಶಕಸ್ಥಾನದ ಸವೆದ ರೂಪ. ಅವರ ಬೆನ್ನ ಹಿಂದೆಯೇ ಯುವೆಝಿಗಳ ಒಂದು ಶಾಖೆ ಬಂದು ಕುಷಾಣ ಸಾಮ್ರಾಜ್ಯವಾಯಿತು. ಪಶ್ಚಿಮ ಭಾರತದ ಶಕ ಕ್ಷತ್ರಪರು ಬಳಸಿ ಹರಡಿದ ಕಾಲಗಣನೆ ಕ್ರಿ.ಶ. 78ರಿಂದ ಶುರುವಾಗುತ್ತದೆ. ಶಕರನ್ನು ಸೋಲಿಸಿದ ಶಾತವಾಹನರ ನೆನಪಿನ ಶಾಲಿವಾಹನ ಹೆಸರು ಅದಕ್ಕೆ ಅಂಟಿದ್ದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಗಾನ್ಸುವಿನಲ್ಲಿ ಯಾರದೋ ಮಂದೆಗೆ ಮೇವಿನ ನೆಲ ತಪ್ಪಿದ್ದು ಮೂರು ಹೆಜ್ಜೆಗಳಲ್ಲಿ ನಮ್ಮ ಮನೆಯ ಪಂಚಾಂಗದವರೆಗೆ ಬಂತು.

ಇತಿಹಾಸದ ಪುಸ್ತಕಗಳಲ್ಲಿ ಈ ಜನ ಕಾಣಿಸಿಕೊಳ್ಳುವುದು ಬಾಗಿಲು ಮುರಿದು ಒಳನುಗ್ಗುವಾಗ ಮಾತ್ರ. ಶಕರು ಬಂದರು, ಹೂಣರು ಬಂದರು, ಮಂಗೋಲರು ಬಂದರು ಎಂದು ಓದುತ್ತೇವೆ. ಅವರು ಬರುವ ಮುಂಚೆ ಎಲ್ಲಿದ್ದರು, ಏನು ಉಣ್ಣುತ್ತಿದ್ದರು, ಯಾವ ತಿಂಗಳು ಯಾವ ಕಣಿವೆಯಲ್ಲಿ ಬಿಡಾರ ಹೂಡುತ್ತಿದ್ದರು ಎಂಬುದು ಪಾಠದಲ್ಲಿ ಇರುವುದಿಲ್ಲ. ಬರೆದವರೆಲ್ಲ ಊರು ಕಟ್ಟಿ ಉತ್ತು ಬಿತ್ತಿದ ಜನ. ಅವರ ಕಣ್ಣಿಗೆ ಹುಲ್ಲು ಎಂದರೆ ಬೆಳೆ ಇಲ್ಲದ ಜಾಗ. ನಮ್ಮ ಕಂದಾಯದ ಭಾಷೆಯಲ್ಲಿ ಇಂದಿಗೂ ‘ಹುಲ್ಲುಬನ್ನಿ ಖರಾಬು’ ಎಂಬ ಮಾತಿದೆ. ಹುಲ್ಲು ಬೆಳೆವ ನೆಲ ಪಹಣಿಯಲ್ಲಿ ಖರಾಬು, ಅಂದರೆ ಕೆಟ್ಟ ನೆಲ. ಯುರೇಷಿಯಾದ ಅಲೆಮಾರಿಗಳ ಬಗ್ಗೆ ಎರಡೂವರೆ ಸಾವಿರ ವರ್ಷ ಬರೆದದ್ದರಲ್ಲಿ ಬಹುಪಾಲು ಈ ಖರಾಬಿನ ಕಣ್ಣಿನಿಂದಲೇ ಬರೆದದ್ದು. ಕಳೆದ ನೂರು ವರ್ಷಗಳಲ್ಲಿ ಅಗೆತ, ವಂಶವಾಹಿ ಪರೀಕ್ಷೆ, ಹುಲ್ಲುಗಾವಲಿನ ಅಧ್ಯಯನಗಳು ಆ ಕಣ್ಣನ್ನು ಎಷ್ಟು ತಿದ್ದಿವೆ ಎಂದು ನೋಡುವುದು ಈ ಲೇಖನದ ಕೆಲಸ.

ಮೊದಲು ನೆಲ. ಡ್ಯಾನ್ಯೂಬ್ ನದಿಯ ಬಾಯಿಂದ ಉಕ್ರೇನ್, ದಕ್ಷಿಣ ರಷ್ಯಾ, ಕಜಕಸ್ತಾನ, ಮಂಗೋಲಿಯಾಗಳನ್ನು ದಾಟಿ ಮಂಚೂರಿಯಾದವರೆಗೆ ಸುಮಾರು 8,000 ಕಿಲೋಮೀಟರು ಹುಲ್ಲಿನ ಪಟ್ಟಿ ಹಾಸಿದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ದೂರದ ಎರಡೂವರೆ ಪಟ್ಟು. ರಷ್ಯನ್ ಭಾಷೆಯಿಂದ ಬಂದ ‘ಸ್ಟೆಪಿ’ ಎಂಬ ಹೆಸರು ಅದಕ್ಕೆ ನಿಂತಿದೆ. ಉತ್ತರಕ್ಕೆ ಸೂಚಿಪರ್ಣ ಮರಗಳ ದಟ್ಟ ಕಾಡು, ದಕ್ಷಿಣಕ್ಕೆ ಮರುಭೂಮಿ ಮತ್ತು ಬೆಟ್ಟಸಾಲು. ನಡುವೆ ಅಲ್ತಾಯ್ ಪರ್ವತ ಇದನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ಸೀಳುತ್ತದೆ. ಮಳೆ ವರ್ಷಕ್ಕೆ 250ರಿಂದ 500 ಮಿಲಿಮೀಟರು; ನಮ್ಮ ಬಳ್ಳಾರಿ, ಚಳ್ಳಕೆರೆ ಕಡೆಯ ಒಣಸೀಮೆಗಿಂತ ಹೆಚ್ಚಿಲ್ಲ. ಚಳಿ ಮಾತ್ರ ನಮ್ಮ ಊಹೆಗೆ ಮೀರಿದ್ದು. ಮಂಗೋಲಿಯಾದಲ್ಲಿ ಉಷ್ಣಾಂಶ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿಯುತ್ತದೆ. ಪಶ್ಚಿಮದ ಉಕ್ರೇನಿನಲ್ಲಿ ಮಳೆ ಚೆನ್ನಾಗಿ, ಮಣ್ಣು ನಮ್ಮ ಎರೆಭೂಮಿಯಂತೆ ಕಪ್ಪಗೆ. ನಮ್ಮ ಎರೆ ಕರಿಕಲ್ಲು ಕರಗಿ ಆದದ್ದು, ಅಲ್ಲಿಯದು ಸಾವಿರಾರು ವರ್ಷ ಹುಲ್ಲಿನ ಬೇರು ಕೊಳೆತು ಆದದ್ದು. ಪೂರ್ವಕ್ಕೆ ಹೋದಂತೆ ಒಣಗು, ಎತ್ತರ, ಚಳಿ ಹೆಚ್ಚುತ್ತವೆ. ಪೂರ್ವದ ಜನ ಪದೇ ಪದೇ ಪಶ್ಚಿಮಕ್ಕೆ ಒತ್ತಿದ್ದಕ್ಕೆ ಈ ಇಳಿಜಾರೂ ಒಂದು ಕಾರಣ.

ಮನುಷ್ಯ ಹುಲ್ಲು ತಿನ್ನಲಾರ. ಹುಲ್ಲನ್ನು ಹಾಲು, ಮಾಂಸ, ಉಣ್ಣೆ, ವೇಗವಾಗಿ ಮಾಡಿಕೊಡುವ ಪ್ರಾಣಿಯ ಹಿಂದೆ ಹೋಗುವುದೊಂದೇ ಅವನಿಗೆ ಅಲ್ಲಿ ದಾರಿ. ಮಂಗೋಲರು ತಮ್ಮ ಸೊತ್ತನ್ನು ‘ಐದು ಮೂತಿ’ ಎನ್ನುತ್ತಾರೆ: ಕುದುರೆ, ದನ, ಒಂಟೆ, ಕುರಿ, ಆಡು. ಐದೂ ಬೇಕು, ಏಕೆಂದರೆ ಐದೂ ಒಂದೇ ಹುಲ್ಲನ್ನು ಒಂದೇ ರೀತಿ ಮೇಯುವುದಿಲ್ಲ. ಕುದುರೆ ಗೊರಸಿನಿಂದ ಹಿಮ ಕೆದರಿ ಅಡಿಯ ಒಣಹುಲ್ಲು ಮೇಯಬಲ್ಲದು. ಅದು ಕೆದರಿದ ಜಾಗದಲ್ಲಿ ಕುರಿ ಮೇಯುತ್ತದೆ. ಚಳಿಗಾಲದ ಮೇವು ಹೀಗೆ ಕುದುರೆಯ ಕಾಲಿನ ಮೇಲೆ ನಿಂತಿದೆ. ಬೇಸಿಗೆಯಲ್ಲಿ ಮಂಗೋಲರ ಊಟ ‘ಬಿಳಿ ಊಟ’: ಹಾಲು, ಕೆನೆ, ಒಣಗಿಸಿದ ಮೊಸರಿನ ಗಟ್ಟಿ, ಹುಳಿ ಬರಿಸಿದ ಕುದುರೆ ಹಾಲು. ಚಳಿ ಬಿದ್ದ ಮೇಲೆ ಮಾಂಸ. ಮನೆ ಎಂದರೆ ಮಡಚುವ ಮರದ ಜಾಲರಿ, ಮೇಲೊಂದು ಚಕ್ರ, ಅದರ ಸುತ್ತ ಹೊದಿಸಿದ ಉಣ್ಣೆ. ನಮ್ಮ ಕುರುಬರು ಉಣ್ಣೆಯನ್ನು ನೂತು ನೇಯ್ದು ಕಂಬಳಿ ಮಾಡುತ್ತಾರೆ. ಅವರು ನೇಯುವುದಿಲ್ಲ. ಉಣ್ಣೆ ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಯ ಹಿಂದೆ ಕಟ್ಟಿ ಎಳೆಸುತ್ತಾರೆ. ಎಳೆಗಳು ಒಂದರೊಳಗೊಂದು ಸೇರಿ ದಪ್ಪ ಹಾಸಾಗುತ್ತದೆ. ಇಡೀ ಮನೆಯನ್ನು ಗಂಟೆ ಎರಡು ಗಂಟೆಯಲ್ಲಿ ಬಿಚ್ಚಿ ಒಂಟೆಗೆ ಹೇರಬಹುದು.

‘ಅಲೆಮಾರಿ’ ಎಂಬ ನಮ್ಮ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಗುರಿ ಇಲ್ಲದೆ ಅಲೆಯುವವ ಎಂಬ ಧ್ವನಿ ಅದರಲ್ಲಿದೆ. ಸ್ಟೆಪಿಯ ಕುಟುಂಬ ಗುರಿ ಇಲ್ಲದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಕಜಕರಿಗೆ ಚಳಿಗಾಲದ ನೆಲೆ ಕಿಸ್ತಾವ್, ಬೇಸಿಗೆಯ ನೆಲೆ ಜೈಲಾವ್. ಎರಡರ ನಡುವೆ ಕೆಲವರಿಗೆ ನೂರಾರು ಕಿಲೋಮೀಟರು, ಪ್ರತಿ ವರ್ಷ ಅದೇ ದಾರಿ, ಅದೇ ಬಾವಿಗಳು. ಚಳಿಗಾಲದ ನೆಲೆ ಯಾವ ಮನೆತನದ್ದು, ಯಾವ ಬಾವಿಯ ನೀರು ಯಾರಿಗೆ ಎಂಬುದು ಬಾಯಿಮಾತಿನಲ್ಲೇ ಗಟ್ಟಿಯಾಗಿತ್ತು. ಬರೆದಿಡದ ಹಕ್ಕನ್ನು ಹೊರಗಿನವರು ಹಕ್ಕೇ ಅಲ್ಲ ಎಂದರು. ಈ ಬದುಕನ್ನು ಸ್ವಚ್ಛಂದ ಎಂದು ಹಾಡಿ ಹೊಗಳುವುದೂ ಅಷ್ಟೇ ತಪ್ಪು. ಬೇಸಿಗೆಯ ಬರದ ಹಿಂದೆಯೇ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಕುದುರೆಯ ಗೊರಸಿಗೂ ಹುಲ್ಲು ಸಿಗುವುದಿಲ್ಲ. ಮಂಗೋಲರು ಇದನ್ನು ‘ಝುಡ್’ ಎನ್ನುತ್ತಾರೆ. 2009-10ರ ಝುಡ್‌ನಲ್ಲಿ ಮಂಗೋಲಿಯಾದ ಜಾನುವಾರುಗಳು 80 ಲಕ್ಷಕ್ಕೂ ಹೆಚ್ಚು ಸತ್ತವು. 2023-24ರಲ್ಲಿ 70 ಲಕ್ಷಕ್ಕೂ ಹೆಚ್ಚು. ಹತ್ತು ವರ್ಷ ಬೆಳೆಸಿದ ಮಂದೆ ಒಂದು ಚಳಿಗಾಲದಲ್ಲಿ ಹೋಗುತ್ತದೆ. ರೈತನ ಕಣಜದಲ್ಲಿ ಮುಂದಿನ ವರ್ಷಕ್ಕೆ ಬಿತ್ತನೆ ಕಾಳಾದರೂ ಉಳಿದೀತು; ಕುರಿಗಾಹಿಯ ಕಣಜವೇ ಕಾಲ ಮೇಲೆ ನಿಂತಿರುವುದು.

ಇವರು ಯಾರಿಂದ ಶುರುವಾದರು ಎಂಬ ಪ್ರಶ್ನೆ ಕಳೆದ ಹತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಕ್ರಿ.ಪೂ. 3300ರ ಸುಮಾರಿಗೆ ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ಉತ್ತರದ ಬಯಲಲ್ಲಿ ಯಾಮ್ನಾಯಾ ಎಂದು ಪುರಾತತ್ತ್ವಜ್ಞರು ಕರೆಯುವ ಜನ ಎತ್ತಿನ ಬಂಡಿಯ ಮೇಲೆ ಮನೆ ಹೇರಿಕೊಂಡು ನದೀ ಕಣಿವೆ ಬಿಟ್ಟು ಬಯಲಿಗೆ ಇಳಿದರು. ಅವರ ಸಂತತಿ ಯುರೋಪಿನ ಉದ್ದಗಲಕ್ಕೆ ಹರಡಿದ್ದನ್ನು 2015ರಲ್ಲಿ ಪ್ರಕಟವಾದ ಪ್ರಾಚೀನ ವಂಶವಾಹಿ ಅಧ್ಯಯನಗಳು ತೋರಿಸಿದವು. ಕುದುರೆಯ ಕತೆ ಇನ್ನೂ ಸೋಜಿಗದ್ದು. ಉತ್ತರ ಕಜಕಸ್ತಾನದ ಬೊತಾಯ್ ಎಂಬಲ್ಲಿ ಕ್ರಿ.ಪೂ. 3500ರ ಸುಮಾರಿನ ಕುದುರೆ ಮೂಳೆಗಳ ರಾಶಿ ಸಿಕ್ಕಾಗ ಕುದುರೆ ಪಳಗಿದ್ದು ಅಲ್ಲೇ ಎಂದು ಬಹುಮಂದಿ ನಂಬಿದ್ದರು. 2018ರ ಪರೀಕ್ಷೆಯಲ್ಲಿ ಬೊತಾಯ್ ಕುದುರೆಗಳ ಸಂತತಿ ಇಂದಿನ ಸಾಕುಕುದುರೆಯಲ್ಲ, ಮಂಗೋಲಿಯಾದ ಪ್ರ್ಜೆವಾಲ್‌ಸ್ಕಿ ಕುದುರೆ ಎಂದು ಗೊತ್ತಾಯಿತು. 2021ರಲ್ಲಿ ಇಂದಿನ ಕುದುರೆಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಕೆಳಬಯಲು, ಅವು ಎಲ್ಲೆಡೆ ಹರಡಿದ್ದು ಕ್ರಿ.ಪೂ. 2000ರ ಆಸುಪಾಸಿನಿಂದ ಎಂದು ತಿಳಿಯಿತು. ಅದೇ ಹೊತ್ತಿಗೆ ಉರಲ್ ಬೆಟ್ಟಗಳ ದಕ್ಷಿಣದ ಸಿಂತಾಶ್ತಾದಲ್ಲಿ ಅರೆಕಾಲಿನ ಚಕ್ರದ ರಥಗಳು ಗೋರಿಯೊಳಗೆ ಹೋಗಿವೆ.

ಇಲ್ಲಿ ಭಾರತದ ಮಾತು ಬರದೆ ಇರದು. ದಕ್ಷಿಣ ಏಷ್ಯಾದ ಜನರ ವಂಶವಾಹಿಯಲ್ಲಿ ಸ್ಟೆಪಿಯ ಅಂಶ ಸೇರಿದ್ದು ಕ್ರಿ.ಪೂ. 2000ರಿಂದ 1500ರ ನಡುವೆ ಎಂದು 2019ರ ಒಂದು ದೊಡ್ಡ ಅಧ್ಯಯನ ಹೇಳಿತು. ಅದೇ ವರ್ಷ ಹರಿಯಾಣದ ರಾಖಿಗಢಿಯ ಸಿಂಧೂ ಕಾಲದ ಒಂದು ಅಸ್ಥಿಯಲ್ಲಿ ಆ ಅಂಶ ಇಲ್ಲ ಎಂದೂ ಪ್ರಕಟವಾಯಿತು. ಎರಡೂ ಒಂದಕ್ಕೊಂದು ಹೊಂದುವ ಮಾತುಗಳೇ. ನಮ್ಮಲ್ಲಿ ಒಂದು ಗುಂಪು ಮೊದಲನೆಯದನ್ನು, ಇನ್ನೊಂದು ಗುಂಪು ಎರಡನೆಯದನ್ನು ಮಾತ್ರ ಓದಿ ಜಗಳವಾಡಿದ್ದು ದುಃಖದ ಸಂಗತಿ. ವಂಶವಾಹಿ ಯಾರು ಯಾರೊಡನೆ ಸೇರಿದರು ಎಂದು ಹೇಳಬಲ್ಲದು. ಯಾರು ಮೇಲು ಎಂದು ಹೇಳಲು ಅದಕ್ಕೆ ಬಾಯಿಲ್ಲ.

ಬರವಣಿಗೆಯಲ್ಲಿ ಸ್ಟೆಪಿಯ ಜನ ಮೊದಲ ಸಲ ವಿವರವಾಗಿ ಬರುವುದು ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನಲ್ಲಿ. ಅವನು ಕಪ್ಪು ಸಮುದ್ರದ ದಡದ ಸಿಥಿಯನ್ನರ ಬಗ್ಗೆ ಬರೆದ. ಪರ್ಷಿಯಾದ ದೊರೆ ದಾರಿಯವೌಷ್ (ಡೇರಿಯಸ್) ದೊಡ್ಡ ದಂಡು ಕಟ್ಟಿಕೊಂಡು ಇವರ ಮೇಲೆ ಹೋದಾಗ ಇವರು ಎದುರು ನಿಲ್ಲಲೇ ಇಲ್ಲ. ಬಾವಿ ಮುಚ್ಚುತ್ತ, ಹುಲ್ಲು ಸುಡುತ್ತ, ಹಿಂದೆ ಹಿಂದೆ ಸರಿಯುತ್ತ ದಂಡನ್ನು ಒಳಗೆಳೆದರು. ನಿಂತು ಯುದ್ಧ ಮಾಡು ಎಂದು ಹೇಳಿಕಳಿಸಿದರೆ ಅವರ ದೊರೆ ಕೊಟ್ಟ ಉತ್ತರದ ಸಾರ ಇದು: ಕಾಪಾಡಿಕೊಳ್ಳಲು ನಮಗೆ ಪಟ್ಟಣವಿಲ್ಲ, ಹೊಲವಿಲ್ಲ, ನಮ್ಮ ಹಿರಿಯರ ಗೋರಿಗಳನ್ನು ಮುಟ್ಟಿ ನೋಡು, ಆಗ ನಾವು ಹೊಡೆದಾಡುತ್ತೇವೋ ಇಲ್ಲವೋ ತಿಳಿಯುತ್ತದೆ. ಹೆರೊಡೋಟಸ್ ಹೇಳಿದ ಹಲವು ಸಂಗತಿಗಳನ್ನು ಬಹುಕಾಲ ಕಟ್ಟುಕತೆ ಎಂದುಕೊಂಡಿದ್ದರು. ಗುಡಾರದೊಳಗೆ ಕಾದ ಕಲ್ಲಿನ ಮೇಲೆ ಭಂಗಿಯ ಬೀಜ ಹಾಕಿ ಹೊಗೆ ಸೇದುತ್ತಾರೆ ಎಂಬುದು ಅಂಥದ್ದೊಂದು.

ಆ ಮಾತಿಗೆ ಸಾಕ್ಷಿ ಸಿಕ್ಕಿದ್ದು ಅಲ್ತಾಯ್ ಬೆಟ್ಟದ ಪಜಿರಿಕ್ ಗೋರಿಗಳಲ್ಲಿ. 1929ರಲ್ಲೂ ಆಮೇಲೆ 1947ರಿಂದ 49ರವರೆಗೂ ಸೋವಿಯತ್ ಪುರಾತತ್ತ್ವಜ್ಞ ಸೆರ್ಗೆಯ್ ರುದೆಂಕೋ ಅಲ್ಲಿ ಅಗೆಸಿದ. ಗೋರಿಯೊಳಗೆ ನೀರು ಇಳಿದು ಮಂಜುಗಡ್ಡೆಯಾಗಿ ಎರಡು ಸಾವಿರದ ಮುನ್ನೂರು ವರ್ಷ ಹಾಗೇ ಉಳಿದಿತ್ತು. ಅದರೊಳಗೆ ಮೈತುಂಬ ಹಚ್ಚೆ ಇದ್ದ ಮನುಷ್ಯ, ಜೀನು ಲಗಾಮುಗಳ ಸಮೇತ ಕುದುರೆಗಳು, ಉಣ್ಣೆಯ ಹಂಸಗಳು, ಕಾದ ಕಲ್ಲುಗಳಿದ್ದ ಪಾತ್ರೆ, ಅದರಲ್ಲಿ ಭಂಗಿಯ ಬೀಜ. ಜೊತೆಗೆ ಗಂಟು ಹಾಕಿ ನೇಯ್ದ ಒಂದು ಜಮಖಾನ. ಲೋಕದಲ್ಲಿ ಉಳಿದಿರುವ ಅತಿ ಹಳೆಯ ಜಮಖಾನ ಅದೇ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಅದರ ಅಂಚಿನಲ್ಲಿ ಕುದುರೆಗಳ, ಜಿಂಕೆಗಳ ಸಾಲು. ಚಿತ್ರದಲ್ಲಿ ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ಸ್ಟೆಪಿಯ ಬೇರೆಡೆ ಹೆಂಗಸರ ಗೋರಿಗಳಲ್ಲಿ ಬಿಲ್ಲು, ಬಾಣ, ಕಠಾರಿಗಳು ಸಿಕ್ಕಿವೆ. ಅಮೆಜಾನ್ ಎಂಬ ಹೆಣ್ಣು ಯೋಧರ ಬಗ್ಗೆ ಗ್ರೀಕರು ಹೇಳಿದ ಕತೆಗಳ ಹಿಂದೆ ನಿಜವಾದ ಹೆಣ್ಣು ಸವಾರರಿದ್ದರು. ತುರ್ಫಾನ್ ಬಳಿಯ ಯಾಂಗ್ಹಾಯ್‌ನಲ್ಲಿ ಸಿಕ್ಕ ಸುಮಾರು ಮೂರು ಸಾವಿರ ವರ್ಷದ ಉಣ್ಣೆಯ ಷರಾಯಿ ನಮಗೆ ತಿಳಿದ ಅತಿ ಹಳೆಯ ಷರಾಯಿ. ಲೋಕದ ಅರ್ಧ ಜನ ಇಂದು ತೊಡುವ ಉಡುಪು ಕುದುರೆ ಹತ್ತುವವರ ಅಗತ್ಯದಿಂದ ಬಂದದ್ದು. ಮಥುರಾದ ಸಂಗ್ರಹಾಲಯದಲ್ಲಿ ಕುಷಾಣ ದೊರೆ ಕನಿಷ್ಕನ ತಲೆಯಿಲ್ಲದ ಕಲ್ಲುಮೂರ್ತಿ ಇದೆ. ಗಂಗಾ ಯಮುನಾ ಬಯಲಿನ ಸೆಖೆಯಲ್ಲೂ ಅವನು ಉದ್ದನೆಯ ದಪ್ಪ ನಿಲುವಂಗಿ, ದೊಡ್ಡ ಬೂಟುಗಳನ್ನು ಬಿಟ್ಟಿಲ್ಲ. ಅಜ್ಜಂದಿರ ಸೀಮೆಯ ಚಳಿಯನ್ನು ಅವನು ಮೈಮೇಲೆ ಹೊತ್ತು ನಿಂತಿದ್ದಾನೆ.

ಬರೆದವರಲ್ಲಿ ನೋಡಿ ಬರೆದವರು, ಕೇಳಿ ಬರೆದವರು ಎಂಬ ಭೇದ ಎಷ್ಟು ದೊಡ್ಡದು ಎನ್ನುವುದಕ್ಕೆ ಹೂಣರ ಪ್ರಸಂಗ ಸಾಕು. 4ನೆಯ ಶತಮಾನದ ಕೊನೆಗೆ ರೋಮಿನ ಅಮ್ಮಿಯಾನಸ್ ಮಾರ್ಸೆಲ್ಲಿನಸ್ ಹೂಣರನ್ನು ಎರಡು ಕಾಲಿನ ಮೃಗಗಳೆಂಬಂತೆ ಬಣ್ಣಿಸಿದ. ಹಸಿ ಮಾಂಸವನ್ನು ತೊಡೆಗೂ ಕುದುರೆಯ ಬೆನ್ನಿಗೂ ನಡುವೆ ಇಟ್ಟು ಬೆಚ್ಚಗೆ ಮಾಡಿ ತಿನ್ನುತ್ತಾರೆ ಎಂದ. ಅವನು ಹೂಣರ ಬಿಡಾರವನ್ನು ಕಂಡವನಲ್ಲ. 449ರಲ್ಲಿ ಪ್ರಿಸ್ಕಸ್ ಎಂಬ ಗ್ರೀಕ್ ವಿದ್ವಾಂಸ ರಾಯಭಾರಿಗಳ ಜೊತೆ ಹೂಣರ ದೊರೆ ಅಟಿಲನ ಆಸ್ಥಾನಕ್ಕೇ ಹೋದ. ಅವನು ಕಂಡದ್ದು ನುಣುಪಾಗಿ ಕೆತ್ತಿದ ಮರದ ಅರಮನೆ, ಒಬ್ಬ ಪ್ರಧಾನನ ಮನೆಯಲ್ಲಿ ಕಲ್ಲಿನ ಸ್ನಾನಗೃಹ, ಅತಿಥಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ. ಅಟಿಲ ಮಾತ್ರ ಮರದ ತಟ್ಟೆಯಲ್ಲಿ ಉಂಡ. ರೋಮಿನ ತೆರಿಗೆ, ನ್ಯಾಯಾಲಯದ ಲಂಚಗಳಿಗಿಂತ ಇಲ್ಲಿಯ ಬಾಳೇ ಹಿತ ಎಂದು ವಾದಿಸುವ, ಹೂಣರ ನಡುವೆ ನೆಲೆಸಿದ್ದ ಒಬ್ಬ ಗ್ರೀಕನೂ ಪ್ರಿಸ್ಕಸನಿಗೆ ಎದುರಾದ. ಇಷ್ಟಿದ್ದರೂ ಪಾಠಪುಸ್ತಕಗಳಿಗೆ ಇಳಿದು ಬಂದದ್ದು ಅಮ್ಮಿಯಾನಸನ ಚಿತ್ರವೇ.

ಚೀನಾದ ಗಡಿಯ ಕತೆ ಇನ್ನೂ ಉದ್ದ, ಮತ್ತು ವಿದ್ವಾಂಸರ ವಾದವಿವಾದ ಹೆಚ್ಚು ನಡೆದದ್ದೂ ಅಲ್ಲೇ. ಕ್ರಿ.ಪೂ. 307ರಲ್ಲಿ ಝಾವ್ ರಾಜ್ಯದ ದೊರೆ ವುಲಿಂಗ್ ತನ್ನ ಸೈನಿಕರಿಗೆ ಅಲೆಮಾರಿಗಳ ಉಡುಪು ತೊಡಿಸಿ ಕುದುರೆಯ ಮೇಲಿಂದ ಬಾಣ ಬಿಡಲು ಕಲಿಸಿದ. ಆಸ್ಥಾನದ ಹಿರಿಯರು ಮರ್ಯಾದೆ ಹೋಯಿತೆಂದು ಕೊರಗಿದರು. ಕ್ರಿ.ಪೂ. 209ರಲ್ಲಿ ಶಿಯೋಂಗ್ನುಗಳಿಗೆ ಮೋದು ಎಂಬವ ಒಡೆಯನಾದ. ಒಂಬತ್ತು ವರ್ಷಕ್ಕೆ ಅವನು ಹಾನ್ ವಂಶದ ಮೊದಲ ಚಕ್ರವರ್ತಿಯನ್ನೇ ಬೈದೆಂಗ್ ಎಂಬಲ್ಲಿ ಸುತ್ತುವರಿದ. ಅಲ್ಲಿಂದ ಮುಂದೆ ಹಾನ್ ಅರಸರು ವರ್ಷ ವರ್ಷ ರೇಷ್ಮೆ, ಧಾನ್ಯ, ಮದ್ಯ ಕಳಿಸಿ, ರಾಜಕುಮಾರಿಯರನ್ನು ಮದುವೆ ಮಾಡಿಕೊಟ್ಟು ಶಾಂತಿ ಕೊಂಡರು. ಕ್ರಿ.ಪೂ. 138ರಲ್ಲಿ ಚಕ್ರವರ್ತಿ ವೂ ಯುವೆಝಿಗಳ ನೆರವು ಕೇಳಲು ಝಾಂಗ್ ಚಿಯಾನ್‌ನನ್ನು ಪಶ್ಚಿಮಕ್ಕೆ ಕಳಿಸಿದ. ದಾರಿಯಲ್ಲಿ ಶಿಯೋಂಗ್ನುಗಳ ಕೈಗೆ ಸಿಕ್ಕು ಹತ್ತು ವರ್ಷ ಸೆರೆಯಲ್ಲಿದ್ದು, ತಪ್ಪಿಸಿಕೊಂಡು ಅವನು ಯುವೆಝಿಗಳ ಬಳಿ ಹೋದರೆ, ಫಲವತ್ತಾದ ಹೊಸ ನೆಲದಲ್ಲಿ ನೆಮ್ಮದಿಯಾಗಿದ್ದ ಅವರಿಗೆ ಹಳೆಯ ಸೇಡು ಬೇಡವಾಗಿತ್ತು. ಆ ರಾಯಭಾರ ಸೋತಿತು. ಅವನು ಹೊತ್ತು ತಂದ ಸುದ್ದಿಯಿಂದ ಮಾತ್ರ ರೇಷ್ಮೆಯ ದಾರಿ ತೆರೆಯಿತು.

ಅಲೆಮಾರಿಗಳು ಏಕೆ ದಾಳಿ ಮಾಡುತ್ತಿದ್ದರು? ಹಸಿವು, ದುರಾಸೆ ಎಂದು ಚೀನೀ ಆಸ್ಥಾನದ ಉತ್ತರ. 1940ರಲ್ಲಿ ಅಮೆರಿಕದ ಓವೆನ್ ಲ್ಯಾಟಿಮೋರ್ ಈ ಪ್ರಶ್ನೆಯನ್ನೇ ತಿರುಗಿಸಿದ. ಒಂಟೆಗಳ ಸಾರ್ಥದ ಜೊತೆ ಆ ನೆಲ ಸುತ್ತಿದ್ದವ ಅವನು. ಮಹಾಗೋಡೆ ಹೊರಗಿನವರನ್ನು ತಡೆದಷ್ಟೇ ಗಡಿಯ ಚೀನೀ ರೈತರು ಹುಲ್ಲಿನ ಕಡೆ ಜಾರಿಹೋಗದಂತೆಯೂ ತಡೆಯಿತು ಎಂದ. ಪಶುಪಾಲನೆ ಎಂದೂ ತನ್ನಷ್ಟಕ್ಕೆ ತಾನು ಪೂರ್ಣವಲ್ಲ, ಧಾನ್ಯಕ್ಕೆ, ಲೋಹಕ್ಕೆ, ಬಟ್ಟೆಗೆ ಊರಿನವರು ಬೇಕೇ ಬೇಕು ಎಂದು ರಷ್ಯಾದ ಅನತೋಲಿ ಖಜನೋವ್ ವಾದಿಸಿದ. 1989ರಲ್ಲಿ ಥಾಮಸ್ ಬಾರ್‌ಫೀಲ್ಡ್ ಇನ್ನೂ ಮುಂದೆ ಹೋಗಿ, ಚೀನಾ ಒಂದಾದಾಗಲೇ ಸ್ಟೆಪಿಯೂ ಒಂದಾಗುತ್ತದೆ, ಏಕೆಂದರೆ ಅಲೆಮಾರಿ ಸಾಮ್ರಾಜ್ಯಕ್ಕೆ ಕಪ್ಪ ಕೊಡಲು ಒಬ್ಬ ಶ್ರೀಮಂತ ನೆರೆಯವ ಬೇಕು ಎಂದ. ನಿಕೋಲಾ ದಿ ಕಾಸ್ಮೋ ಇದನ್ನು ಒಪ್ಪಲಿಲ್ಲ. ಸ್ಟೆಪಿಯೊಳಗೇ ಅಲ್ಲಲ್ಲಿ ಬೇಸಾಯವಿತ್ತು, ಕಮ್ಮಾರಿಕೆ ಇತ್ತು. ಮೊದಮೊದಲು ಗೋಡೆ ಕಟ್ಟಿ ಮೇವಿನ ನೆಲ ಕಬಳಿಸುತ್ತ ಬಂದದ್ದು ಚೀನೀ ರಾಜ್ಯಗಳೇ ಎಂದು 2002ರ ತನ್ನ ಪುಸ್ತಕದಲ್ಲಿ ತೋರಿಸಿದ. ನನಗೆ ದಿ ಕಾಸ್ಮೋನ ಸಾಕ್ಷ್ಯ ಹೆಚ್ಚು ಗಟ್ಟಿ ಎನಿಸುತ್ತದೆ. ಗೋಡೆಯ ಅವಶೇಷಗಳನ್ನು ನಕ್ಷೆಯಲ್ಲಿ ನೋಡಿದರೆ ಎಷ್ಟೋ ಕಡೆ ಅವು ಹೊಲದ ಅಂಚಿನಲ್ಲಿಲ್ಲ, ಹುಲ್ಲಿನ ಒಳಗಿವೆ.

ಸ್ಟೆಪಿಯವರು ತಾವೇ ಏನೂ ಹೇಳಲಿಲ್ಲವೆ ಎಂದರೆ, ಹೇಳಿದ್ದಾರೆ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 732ರಲ್ಲಿ ತುರ್ಕ ಅರಸ ಬಿಲ್ಗೆ ತನ್ನ ತಮ್ಮ ಕುಲ್ ತೆಗಿನನ ನೆನಪಿಗೆ ಕಲ್ಲು ನಿಲ್ಲಿಸಿದ. ಅದರ ಲಿಪಿಯನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಬಿಡಿಸಿದ. ಚೀನೀಯರ ಸಿಹಿಮಾತಿಗೂ ನುಣುಪು ರೇಷ್ಮೆಗೂ ಮರುಳಾಗಿ ನಮ್ಮ ಜನ ಹಾಳಾದರು, ನಮ್ಮ ಬೆಟ್ಟದ ನೆಲೆ ಬಿಡಬೇಡಿ ಎಂಬ ಎಚ್ಚರಿಕೆ ಅದರಲ್ಲಿದೆ. ತಮ್ಮನನ್ನು ಕಳೆದುಕೊಂಡ ಅಣ್ಣನ ಅಳುವೂ ಇದೆ. ನಮ್ಮ ವೀರಗಲ್ಲುಗಳನ್ನು ಓದಿದವರಿಗೆ ಆ ಕಲ್ಲು ಅಪರಿಚಿತ ಎನಿಸಲಾರದು. ಇದರ ಮುಂದಿನ ಪೀಳಿಗೆಯಲ್ಲೇ ಸ್ಟೆಪಿಯ ಇನ್ನೊಂದು ಜನ ಉಯಿಘರರು ಚೀನಾದ ಟಾಂಗ್ ಅರಸರಿಗೆ ಒಂದು ಕುದುರೆಗೆ 40 ಥಾನು ರೇಷ್ಮೆಯಂತೆ ವ್ಯಾಪಾರ ಕುದುರಿಸಿದರು.

ಮಂಗೋಲರ ವಿಷಯಕ್ಕೆ ಬಂದಾಗ ಹೊಗಳಿಕೆ, ತೆಗಳಿಕೆ ಎರಡೂ ಅತಿಯಾಗುತ್ತವೆ. 1206ರಲ್ಲಿ ತೆಮೂಜಿನ್ ಚಂಗೀಸ್ ಖಾನನಾದಾಗ ಅವನು ಮೊದಲು ಮುರಿದದ್ದು ತನ್ನವರ ಹಳೆಯ ಬುಡಕಟ್ಟುಗಳನ್ನೇ. ಹತ್ತು, ನೂರು, ಸಾವಿರ, ಹತ್ತು ಸಾವಿರದ ತುಕಡಿಗಳಾಗಿ ಜನರನ್ನು ಬೆರೆಸಿ ಹಂಚಿದ. 1218ರಲ್ಲಿ ಖ್ವಾರಜಮ್ ರಾಜ್ಯದ ಒತ್ರಾರ್ ಪಟ್ಟಣದ ಅಧಿಕಾರಿ ಅವನು ಕಳಿಸಿದ ವರ್ತಕರನ್ನು ಕೊಲ್ಲಿಸಿದ ಮೇಲೆ ಆ ರಾಜ್ಯದ ಮೇಲೆ ಬಿದ್ದದ್ದು ಮನುಷ್ಯ ಚರಿತ್ರೆಯ ಘೋರ ದಂಡಯಾತ್ರೆಗಳಲ್ಲೊಂದು. 1221ರಲ್ಲಿ ಮೆರ್ವ್, ನಿಶಾಪುರಗಳು ಬಲಿಯಾದವು, 1258ರಲ್ಲಿ ಬಾಗ್ದಾದ್. ಆ ಸಾವುಗಳನ್ನು ಯಾವ ಹೊಸ ಸಂಶೋಧನೆಯೂ ಅಳಿಸಲಾರದು, ಅಳಿಸಬಾರದು. ಅವನ ಮಕ್ಕಳ ಕಾಲಕ್ಕೆ ಕುದುರೆ ಅಂಚೆಯ ಠಾಣೆಗಳು ಚೀನಾದಿಂದ ಇರಾನಿನವರೆಗೆ ನಿಂತದ್ದೂ ನಿಜ. 1254ರಲ್ಲಿ ಕರಕೋರಂಗೆ ಹೋದ ಕ್ರೈಸ್ತ ಸನ್ಯಾಸಿ ರುಬ್ರುಕ್‌ನ ವಿಲಿಯಂ ಆ ಸಣ್ಣ ರಾಜಧಾನಿಯಲ್ಲಿ 12 ವಿಗ್ರಹಾಲಯ, 2 ಮಸೀದಿ, 1 ಚರ್ಚು ಎಣಿಸಿದ. ಅದೇ ದಾರಿಗಳಲ್ಲಿ ಪ್ಲೇಗೂ ನಡೆಯಿತು. ಕಿರ್ಗಿಸ್ತಾನದ ಇಸ್ಸಿಕ್ ಕುಲ್ ಸರೋವರದ ಬಳಿ 1338-39ರ ಗೋರಿಗಳಲ್ಲಿ ಮಹಾಮಾರಿಯ ಮೂಲ ತಳಿ ಇತ್ತೆಂದು 2022ರಲ್ಲಿ ಪತ್ತೆಯಾಯಿತು. ಮಂಗೋಲಿಯಾದ ಹಳೆಯ ಮರಗಳ ಉಂಗುರ ಓದಿದವರು 1211ರಿಂದ 1225ರವರೆಗೆ ಅಲ್ಲಿ ಅಪರೂಪದ ಒಳ್ಳೆಯ ಮಳೆಯಾಗಿತ್ತು ಎಂದಿದ್ದಾರೆ. ಮಳೆಯಿಂದ ಹುಲ್ಲು, ಹುಲ್ಲಿನಿಂದ ಕುದುರೆ, ಕುದುರೆಯಿಂದ ದಂಡು, ಸರಣಿ ಸರಿಯಾಗಿದೆ. ಆದರೆ ಒಳ್ಳೆಯ ಮಳೆ ಹಿಂದೆಯೂ ಎಷ್ಟೋ ಸಲ ಆಗಿತ್ತು, ಚಂಗೀಸ್ ಖಾನ ಒಬ್ಬನೇ ಹುಟ್ಟಿದ. ಮಳೆಗೆ ಅಷ್ಟು ಭಾರ ಹೊರಿಸಲು ನನಗೆ ಮನಸ್ಸಿಲ್ಲ.

ಇಲ್ಲಿಗೆ ನಿಲ್ಲಿಸುವ ಪುಸ್ತಕಗಳೇ ಹೆಚ್ಚು. ಕುದುರೆಬಿಲ್ಲಿನ ಕಾಲ ಮುಗಿಯಿತು, ಕೋವಿ ಬಂತು, ಅಲೆಮಾರಿಗಳು ಮರೆಯಾದರು ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮರೆಯಾಗಲಿಲ್ಲ, ಅವರನ್ನು ಮರೆಯಾಗಿಸಲಾಯಿತು. 1689ರ ನೆರ್ಚಿನ್ಸ್ಕ್ ಒಪ್ಪಂದದಿಂದ ರಷ್ಯಾ ಮತ್ತು ಚೀನಾದ ಚಿಂಗ್ ಅರಸರು ನಡುವಿನ ಹುಲ್ಲನ್ನು ತಮ್ಮ ನಡುವೆ ಹಂಚಿಕೊಳ್ಳತೊಡಗಿದರು. 1755ರಿಂದ 1759ರೊಳಗೆ ಚಿಂಗ್ ಸೇನೆ ಪಶ್ಚಿಮ ಮಂಗೋಲರಾದ ಝುಂಗಾರರ ರಾಜ್ಯವನ್ನು ನಿರ್ನಾಮ ಮಾಡಿತು. ಕತ್ತಿ, ಸಿಡುಬು, ಹಸಿವು ಮೂರೂ ಸೇರಿ ಒಂದು ಜನಾಂಗವೇ ಹೆಸರಿಗೆ ಮಾತ್ರ ಉಳಿಯಿತು. 1771ರಲ್ಲಿ ರಷ್ಯಾದ ಒತ್ತಡ ತಾಳಲಾರದೆ ವೋಲ್ಗಾ ದಡದ ಕಲ್ಮಿಕರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹಿರಿಯರ ನೆಲಕ್ಕೆ ಮರಳಲು ಹೊರಟರು. ಅರ್ಧಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು.

ಎಲ್ಲಕ್ಕಿಂತ ದೊಡ್ಡ ಗಾಯ ಕಜಕರದ್ದು, ಮತ್ತು ಕನ್ನಡದಲ್ಲಿ ಅದರ ಬಗ್ಗೆ ಓದಲು ಸಿಗುವುದು ಬಹಳ ಕಡಿಮೆ. 1920ರ ದಶಕದ ಕೊನೆಗೂ ಕಜಕರಲ್ಲಿ ಬಹುಪಾಲು ಜನ ಕಿಸ್ತಾವ್‌ನಿಂದ ಜೈಲಾವ್‌ಗೆ ಮಂದೆ ಹೊಡೆಯುತ್ತಿದ್ದರು. ಮಾಸ್ಕೋದ ಕಣ್ಣಿಗೆ ಅದು ಹಿಂದುಳಿದ ಬದುಕು. 1928ರಲ್ಲಿ ಸಿರಿವಂತರ ಜಾನುವಾರು ಮುಟ್ಟುಗೋಲಾಯಿತು. 1929-30ರಿಂದ ಎಲ್ಲರನ್ನೂ ಒಂದೆಡೆ ನೆಲೆಗೊಳಿಸಿ ಸಾಮೂಹಿಕ ಸಾಕಣೆಗೆ ಸೇರಿಸುವ ಒತ್ತಾಯ ಶುರುವಾಯಿತು. ಗದ್ದೆ ಇಲ್ಲದವರ ಮೇಲೂ ಧಾನ್ಯದ ಲೆವಿ ಬಿತ್ತು. ಧಾನ್ಯ ಕೊಳ್ಳಲು ಜಾನುವಾರು ಮಾರಬೇಕಾಯಿತು. ಒಂದೆಡೆ ಕೂಡಿಹಾಕಿದ ಮಂದೆ ಮೇವಿಲ್ಲದೆ ನಿಂತಲ್ಲೇ ಸತ್ತಿತು. ನಾಲ್ಕೈದು ವರ್ಷಗಳಲ್ಲಿ ಕಜಕಸ್ತಾನದ ನೂರು ಜಾನುವಾರಿನಲ್ಲಿ ತೊಂಬತ್ತು ಇಲ್ಲವಾದವು. ಮಂದೆ ಸತ್ತ ಹಿಂದೆಯೇ ಮನುಷ್ಯರು ಸತ್ತರು. 1930ರಿಂದ 1933ರವರೆಗೆ ಸುಮಾರು 15 ಲಕ್ಷ ಜನ, ಅವರಲ್ಲಿ 13 ಲಕ್ಷದಷ್ಟು ಕಜಕರು. ಕಜಕ ಜನಾಂಗದ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು. ಲಕ್ಷಾಂತರ ಮಂದಿ ಚೀನಾಕ್ಕೂ ನೆರೆಯ ಗಣರಾಜ್ಯಗಳಿಗೂ ಓಡಿದರು. ಕಜಕಸ್ತಾನದಲ್ಲಿ ಪ್ರತಿ ಮೇ 31 ಅವರ ನೆನಪಿನ ದಿನ. ಸಾರಾ ಕ್ಯಾಮರನ್ 2018ರಲ್ಲಿ ಬರೆದ ಪುಸ್ತಕ ಈ ಕ್ಷಾಮವನ್ನು ದಾಖಲೆಗಳಿಂದ ಬಿಡಿಸಿ ಹೇಳಿದೆ. ನೂರಾರು ವರ್ಷ ಝುಡ್‌ಗಳನ್ನು ದಾಟಿ ಬಂದ ಜನರನ್ನು ಕೊಂದದ್ದು ಅವರ ಉದ್ಧಾರದ ಯೋಜನೆ. 1954ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ‘ಕನ್ನೆನೆಲ’ವನ್ನು ಉಳುವ ಆಂದೋಲನ ಹೂಡಿ ಕಜಕಸ್ತಾನದಲ್ಲೇ ಎರಡು ಕೋಟಿಗೂ ಹೆಚ್ಚು ಹೆಕ್ಟೇರು ಹುಲ್ಲು ಮಗುಚಿಸಿದ. ಕೆಲವೇ ವರ್ಷಕ್ಕೆ ಮೇಲ್ಮಣ್ಣು ದೂಳಾಗಿ ಹಾರಿತು. ಕನ್ನೆನೆಲ ಎಂಬ ಹೆಸರೂ ಖರಾಬಿನ ಇನ್ನೊಂದು ಅನುವಾದವೇ. ಅಲ್ಲಿ ಯಾರೂ ಇರಲಿಲ್ಲ ಎಂದು ಅದು ಹೇಳುತ್ತದೆ.

ಈಗ ಉಳಿದಿರುವುದೇನು? ಮಂಗೋಲಿಯಾದ ಸುಮಾರು 35 ಲಕ್ಷ ಜನರಲ್ಲಿ ಅರ್ಧದಷ್ಟು ರಾಜಧಾನಿ ಉಲಾನ್‌ಬಾತರ್‌ನಲ್ಲಿದ್ದಾರೆ. ಝುಡ್‌ನಲ್ಲಿ ಮಂದೆ ಕಳೆದುಕೊಂಡವರು ಅದರ ಅಂಚಿನಲ್ಲಿ ಉಣ್ಣೆಯ ಗುಡಾರ ಹಾಕಿ ಕಲ್ಲಿದ್ದಲು ಉರಿಸುತ್ತ ಹೊಗೆಯಲ್ಲಿ ಬದುಕುತ್ತಾರೆ. ಆದರೂ ಲಕ್ಷಗಟ್ಟಲೆ ಮಂದಿ ಇಂದಿಗೂ ಋತುವಿಗೆ ತಕ್ಕಂತೆ ನೆಲೆ ಬದಲಿಸುವ ಕುರಿಗಾಹಿಗಳೇ. 1990ರಲ್ಲಿ ಎರಡೂವರೆ ಕೋಟಿಯಷ್ಟಿದ್ದ ಜಾನುವಾರು 2019ಕ್ಕೆ ಏಳು ಕೋಟಿ ದಾಟಿತ್ತು. ಮೃದು ಉಣ್ಣೆಗೆ ಬೆಲೆ ಬಂದು ಆಡುಗಳು ಮಿತಿಮೀರಿ ಹೆಚ್ಚಿದ್ದು ಇದಕ್ಕೆ ದೊಡ್ಡ ಕಾರಣ. ಆಡು ಹುಲ್ಲಿನ ಬೇರಿಗೂ ಬಾಯಿ ಹಾಕುತ್ತದೆ. ಹುಲ್ಲುಗಾವಲು ಸವೆಯುತ್ತಿರುವುದಕ್ಕೆ ಕುರಿಗಾಹಿಗಳದ್ದೂ ಪಾಲಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ.

ಸವೆತಕ್ಕೆ ಅಲೆದಾಟವೇ ಕಾರಣವೆ? 1990ರ ದಶಕದಲ್ಲಿ ಕೇಂಬ್ರಿಜ್‌ನ ಕೆರೊಲಿನ್ ಹಂಫ್ರಿ, ಡೇವಿಡ್ ಸ್ನೀತ್ ಮತ್ತು ಅವರ ಸಂಗಡಿಗರು ಇದನ್ನು ಅಳೆದು ನೋಡಿದರು. ಮಂಗೋಲಿಯಾ, ಚೀನಾದ ಒಳಮಂಗೋಲಿಯಾ, ರಷ್ಯಾದ ಬುರ್ಯಾತಿಯಾ, ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ಹುಲ್ಲು, ಒಂದೇ ಹವೆ, ಒಂದೇ ಮೂಲದ ಜನ. ಬೇಲಿ ಹಾಕಿ, ಕೊಟ್ಟಿಗೆ ಕಟ್ಟಿ, ಒಂದೆಡೆ ನಿಲ್ಲಿಸಿ ಮೇಯಿಸಿದ ಚೀನಾ, ರಷ್ಯಾ ಭಾಗಗಳಲ್ಲಿ ನೆಲ ಹೆಚ್ಚು ಹಾಳಾಗಿತ್ತು. ಮಂದೆ ಓಡಾಡಿಕೊಂಡಿದ್ದ ಮಂಗೋಲಿಯಾದಲ್ಲಿ ಕಡಿಮೆ. ಈ ಇಡೀ ಪ್ರಶ್ನೆಯಲ್ಲಿ ನನ್ನ ಮಟ್ಟಿಗೆ ಇದೇ ನಿರ್ಣಾಯಕ ಸಾಕ್ಷಿ. ಮಳೆ ಎಲ್ಲಿ ಬೀಳುತ್ತದೆ ಎಂದು ಹೇಳಲಾಗದ ನೆಲದಲ್ಲಿ ಮಳೆ ಬಿದ್ದ ಕಡೆಗೆ ಮಂದೆ ಹೊಡೆಯುವುದಕ್ಕಿಂತ ಬುದ್ಧಿವಂತ ಕೃಷಿಯನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಅದಕ್ಕಾಗಿ ಮುಂದೆ ನಿಂತು ದುಡಿದ ದೇಶ ಮಂಗೋಲಿಯಾ. ನಮ್ಮಲ್ಲೂ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಅಮೃತಮಹಲ್‌ವರೆಗೆ ದನಗಳಿಗೆಂದೇ ಕಾದಿಟ್ಟ ಕಾವಲುಗಳಿದ್ದವು; ಎಷ್ಟೋ ಉತ್ತುಹೋದವು, ಎಷ್ಟೋ ಬೇಲಿಯೊಳಗೆ ಸೇರಿದವು, ಕುರಿ ಹೊಡೆದುಕೊಂಡು ಬರುವವರಿಗೆ ದಾರಿ ಕಿರಿದಾಗುತ್ತಿದೆ. ನಿಮ್ಮ ಊರಿನ ಪಹಣಿಯಲ್ಲಿ ಖರಾಬು ಎಂದು ಬರೆದ ಒಂದು ಬಯಲು ಇರಬಹುದು. ಮುಂಗಾರು ಬಿದ್ದು ಮೂರು ವಾರದ ಮೇಲೆ ಒಮ್ಮೆ ಅಲ್ಲಿಗೆ ಹೋಗಿ. ಮಂದೆ ಮೇಯಿಸುವವರು ಸಿಕ್ಕರೆ ಎಲ್ಲಿಂದ ಬಂದಿರಿ, ಮುಂದೆ ಯಾವ ಕಡೆಗೆ, ನೀರು ಎಲ್ಲಿ ಎಂದು ಕೇಳಿ. ಅವರು ಹೇಳುವ ದಾರಿಯನ್ನು ಬರೆದಿಟ್ಟುಕೊಳ್ಳಿ.